ಹತ್ತು ನಿಮಿಷದ ಬಾಗು

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಮೂರನೇ ನಂಬರಿನ ಫೋರ್ಕ್‌ಲಿಫ್ಟು
ಯಾರೂ ಹೇಳದೆ ತಲೆ ಬಾಗಿಸತೊಡಗಿತ್ತು.
ಒಂದೂವರೆ ಟನ್ನಿನ ಎರಕ ಹೊತ್ತು ನಿಂತರೆ ಸಾಕು,
ಲಿವರು ಮುಟ್ಟಿಲ್ಲ, ಗಾಳಿಯೂ ಬೀಸಿಲ್ಲ,
ಕಂಬ ಮುಂದಕ್ಕೆ, ತೂಕಡಿಸುವವರ ಗದ್ದದ ಹಾಗೆ,
ಇಷ್ಟಿಷ್ಟೇ.

"ನನ್ ಕೈಯಲ್ಲ ಮೇಡಂ, ಅದರದ್ದೇ ಮನಸ್ಸು" ಅಂದ ಓಡಿಸುವ ಹಾಲೇಶಿ.
ಸ್ಟೋರಿನ ರಿಜಿಸ್ಟರಿನಲ್ಲಿ ಬರೆದೆ: ಟಿಲ್ಟು ನಿಲ್ಲುತ್ತಿಲ್ಲ.
ಕಾರಣ ಎಂಬ ಕಾಲಮ್ಮು ಖಾಲಿ ಬಿಟ್ಟೆ.

ಶನಿವಾರ ಆಟೋ ಕಾಂಪ್ಲೆಕ್ಸಿನಿಂದ ಜಬೀವುಲ್ಲಾ ಬಂದ,
ಮೊಪೆಡ್ಡಿನ ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು.
ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು.
ರಿಪೇರಿಗೆ ಮೊದಲು ಅಳತೆ:
ದಾರಕ್ಕೊಂದು ನಟ್ಟು ಕಟ್ಟಿ ಕಂಬದ ನೆತ್ತಿಯಿಂದ ಇಳಿಬಿಟ್ಟ,
ನೆಲದ ಮೇಲೆ ಸೀಮೆಸುಣ್ಣದ ಗೀಟು.
"ಹತ್ತು ನಿಮಿಷ. ಯಾರೂ ಮಾತಾಡ್ಬೇಡ್ರಿ."
ಮಾತಿಗೂ ಎಣ್ಣೆಗೂ ಏನು ನಂಟು? ಆದರೂ ಸುಮ್ಮನಿದ್ದೆವು.
ಭದ್ರಾವತಿ ಕಡೆಯ ರೈಲು ಹೋಯಿತು.
ನಟ್ಟು ಗೀಟು ದಾಟಿ ನಾಲ್ಕು ಬೆರಳು ಬಂದಿತ್ತು,
ಅವನ ಕೈ ಇಟ್ಟು ಅಳೆದರೆ ಮೂರೂವರೆ.

ಕಾಲಡಿಯ ತಗಡು ಎತ್ತಿ ತೋರಿಸಿದ:
ಎಡಕ್ಕೊಂದು ಬಲಕ್ಕೊಂದು ಸಿಲಿಂಡರು,
ಬುಡ ಗಾಡಿಯ ಮೈಗೆ, ರಾಡಿನ ತುದಿ ಕಂಬಕ್ಕೆ.
"ಲಿವರು ಒತ್ತಿದ್ರೆ ಎಣ್ಣೆ ಹಿಂದಿನ ಕೋಣೆಗೆ, ರಾಡು ಹೊರಗೆ, ಕಂಬ ಬಾಗ್ತು.
ಎಳೆದ್ರೆ ಮುಂದಿನ ಕೋಣೆಗೆ, ರಾಡು ಒಳಗೆ, ಭಾರ ಎದೆಗೆ.
ನಡುವೆ ಪಿಸ್ಟನ್ನು, ಅದರ ಸೊಂಟಕ್ಕೆ ರಬ್ಬರಿನ ಉಡಿದಾರ.
ಅದು ಹರೀತು ಅಂದ್ರೆ ಈ ಕೋಣೆಯಿಂದ ಆ ಕೋಣೆಗೆ ಕಳ್ಳದಾರಿ.
ಹೊರಗೆ ಒಂದು ಹನಿ ಕಾಣಲ್ಲ."

ಇಂಜಿನ್ನು ಇನ್ನೂ ಗುರುಗುಡುತ್ತಿತ್ತು,
ಹೋಸಿನ ಒದ್ದೆ ಕಂಡು ಹಾಲೇಶಿ ಕೈ ಚಾಚಿದ.
"ರಟ್ಟು ಹಿಡಿಯೋ! ಕೈಯಲ್ಲ!"
ಸೂಜಿಮೊನೆಯ ತೂತಿನಿಂದ ಹಾರಿದ ಎಣ್ಣೆ ಚರ್ಮ ಹೊಕ್ಕರೆ
ಸೊಳ್ಳೆ ಕಚ್ಚಿದಷ್ಟೇ ಗುರುತಂತೆ, ಸಂಜೆಯವರೆಗೆ.
ಆಮೇಲೆ? ಎಂದೆ.
"ಮೆಗ್ಗಾನ್ ಆಸ್ಪತ್ರೆ" ಅಂದ, ಸ್ಪ್ಯಾನರು ಕೇಳಿದ.

ಫೋರ್ಕು ನೆಲಕ್ಕಿಳಿಸಿ, ಕಂಬಕ್ಕೆ ಸರಪಳಿ ಬಿಗಿದು ಕ್ರೇನಿಗೆ ಒಪ್ಪಿಸಿದ.
ಇಂಜಿನ್ನು ಆರಿಸಿ ಲಿವರನ್ನು ಹಿಂದೆ ಮುಂದೆ ಆಡಿಸಿದ,
ಉಳಿದ ಒತ್ತಡ ನಿಟ್ಟುಸಿರಾಗಿ ಹೋಗಲೆಂದು.
ಪಿನ್ನು ಹೊಡೆದು, ಹೋಸು ಕಳಚಿ, ಸಿಲಿಂಡರನ್ನು
ಹೆರಿಗೆ ಕೋಣೆಯವರ ಜೋಪಾನದಲ್ಲಿ ಗೋಣಿಯ ಮೇಲೆ ಮಲಗಿಸಿದ.

ಹೊಸ ಸೀಲು ಬಿರುಸು. ಮೆತ್ತಗಾಗಲು ಬಿಸಿನೀರು ಬೇಕಿತ್ತು.
ಕುಡಿಯಲಿಕ್ಕೆ ಅಂದುಕೊಂಡು ಕ್ಯಾಂಟೀನಿನ ಶಾರದಕ್ಕ
ಜೀರಿಗೆ ಹಾಕಿ ಕಳಿಸಿದಳು.
ಜೀರಿಗೆ ನೀರಿನಲ್ಲೇ ನೆನೆಯಿತು ಸೀಲು,
"ಅಜೀರ್ಣ ಆಗಲ್ಲ ಬಿಡಿ ಇನ್ನು ಇದಕ್ಕೆ."
ಅದರ ತುಟಿ ಒತ್ತಡದ ಕಡೆಗೇ ತೆರೆದಿರಬೇಕು,
ತಿರುಗಿಸಿ ಕೂರಿಸಿದರೆ ಕೂರಿಸದ ಹಾಗೇ.
ರಾಡಿನ ಉದ್ದಕ್ಕೂ ಉಗುರೆಳೆದು ಗೀರು ಹುಡುಕಿದ,
ಇರಲಿಲ್ಲ.

ಎರಡನ್ನೂ ಜೋಡಿಸುವಾಗ ಥ್ರೆಡ್ಡು ಎಣಿಸಿದ, ಬಾಯಿಬಿಟ್ಟು,
ಒಂದರಿಂದ ಹನ್ನೊಂದು, ಆ ಕಡೆಗೂ ಹನ್ನೊಂದು.
ಒಂದು ಮೊದಲೇ ನಿಂತು ಇನ್ನೊಂದು ನೂಕುತ್ತಿದ್ದರೆ
ಕಂಬ ತಿರುಚಿಕೊಳ್ಳುತ್ತದೆ.
ಹಾಲೇಶಿ ಏನನ್ನೋ ಹೇಳಹೊರಟು ಹೇಳಲಿಲ್ಲ.

ಖಾಲಿ ಕಂಬವನ್ನು ಏಳು ಸಲ ಬಾಗಿಸಿ ಎತ್ತಿದರು,
ಒಳಗಿನ ಗಾಳಿ ಕೆಮ್ಮಿ ಕೆಮ್ಮಿ ಮುಗಿಯುವ ತನಕ.
ಟ್ಯಾಂಕಿಗೆ ಒಂದು ಲೀಟರು ಎಣ್ಣೆ. ಮತ್ತೆ ಎರಕದ ಭಾರ,
ಮತ್ತೆ ದಾರ, ನಟ್ಟು, ಗೀಟು, ಮೌನ.
ಈ ಸಲ ರೈಲೂ ಬರಲಿಲ್ಲ.
ಸರಿದದ್ದು ಗೀಟಿನ ದಪ್ಪದಷ್ಟು.
"ಅದು ವಾಲ್ವಿನ ಪಾಲು. ಅಷ್ಟು ಎಲ್ಲಾ ಗಾಡಿಗೂ ಇರ್ತದೆ.
ಹೆಚ್ಚಾದ ದಿನ ಕರೀರಿ."

ಕಾರಣದ ಕಾಲಮ್ಮಿನಲ್ಲಿ ಬರೆದೆ: ಸೀಲು, ಎರಡು,
ಆರುನೂರ ನಲವತ್ತು ರೂಪಾಯಿ.
ಒರೆಸಿದ ಹಳೆಯದೊಂದನ್ನು ಅದೇ ಹಾಳೆಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟೆ.

ಸೋಮವಾರ ತೆರೆದರೆ ಹಾಳೆಯ ಮೇಲೆ ಎಣ್ಣೆಯ ಉಂಗುರ.
ತಿರುವಿದೆ, ಹಿಂದಿನ ಹಾಳೆಯಲ್ಲೂ,
ಅದರ ಹಿಂದಿನದರಲ್ಲೂ, ತೆಳ್ಳಗೆ,
ನಾನು ರಜೆ ಕೇಳಿ ಹೊಡೆದುಹಾಕಿದ್ದ ಸಾಲಿನ ತನಕ.